ಒಪ್ಪೊತ್ತಿನ ಶ್ರೀವಾಣಿ

ಹಸಿದು ಬಂದವನಿಗೆ ಒಂದು ಹಿಡಿ ಅನ್ನ ಹಾಕಲು ಹಿಂದೆ ಮುಂದೆ ನೋಡುವ ಜನ, ಬೇಕೆಂದೇ ಹಸಿದುಕೊಂಡಿರುವವರು ಕಂಡರೆ ಓಡಿ ಬಂದು ಕಾಲಿಗೆ ಬೀಳುತ್ತಾರೆ. ಇಪ್ಪತ್ತೆರಡು ವರ್ಷ ಮೊಳಕಾಲ್ಮೂರಿನ ಬೀದಿಗಳಲ್ಲಿ ಲಸಿಕೆಯ ಡಬ್ಬಿ ಹೊತ್ತು ತಿರುಗಿದವಳು ಹೇಳುತ್ತಿದ್ದೇನೆ, ಯಾರಿಗೆ ಬೇಸರವಾದರೂ ಆಗಲಿ. ನನ್ನ ಹೆಸರು ಸೂರಮ್ಮ, ಸರ್ಕಾರಿ ನರ್ಸು. ಹುಟ್ಟಿದ್ದು ದೊಡ್ಡಉಳ್ಳಾರ್ತಿ ಕಡೆಯ ಕುರಿ ಮೇಯಿಸುವವರ ಹಟ್ಟಿಯಲ್ಲಿ.

ನನ್ನ ಬಾಯಿ ಒಳ್ಳೆಯದಲ್ಲ ಎಂದು ಊರೆಲ್ಲ ಹೇಳುತ್ತದೆ. ಹೇಳಲಿ. ಕುಡಿದು ಬಂದು ಹೆಂಡತಿಗೆ ಹೊಡೆದವನಿಗೆ "ಆ ಕೈಗೇ ಸೂಜಿ ಚುಚ್ಚಿ ಮಲಗಿಸ್ತೀನಿ" ಎಂದವಳು ನಾನು. ಸೊಸೆಯನ್ನು ಐದನೇ ಬಸುರಿಗೆ ಕರೆತಂದ ಅತ್ತೆಯನ್ನು "ನಿನ್ನ ಮಗನಿಗೆ ಬ್ಯಾರೆ ಕೆಲಸ ಇಲ್ವೇನಮ್ಮ" ಎಂದು ನಡುಬೀದಿಯಲ್ಲೇ ಕೇಳಿದ್ದೆ. ಹೈಸ್ಕೂಲಿನ ಆರೋಗ್ಯ ತಪಾಸಣೆಯಲ್ಲಿ ಹೆಣ್ಣುಮಕ್ಕಳನ್ನು ಸಾಲಾಗಿ ತೂಕಕ್ಕೆ ನಿಲ್ಲಿಸಿದಾಗ, ಯಾರ ಮಗಳೋ, ದುಂಡಗಿದ್ದ ಒಬ್ಬಳನ್ನು ನೋಡಿ "ಇವಳು ಮಗ್ಗದ ಗುಂಡಿಗೆ ಇಳಿದ್ರೆ ಎತ್ತಾಕೆ ನಾಲ್ಕಾಳು ಬೇಕು ಕಣ್ರೇ" ಎಂದಿದ್ದಕ್ಕೆ ಮೇಷ್ಟ್ರುಗಳೂ ನಕ್ಕರು, ಆ ಹುಡುಗಿಯೂ ನಕ್ಕಳು. ನಗಿಸುತ್ತ ಚುಚ್ಚಿದರೆ ಸೂಜಿ ನೋಯುವುದಿಲ್ಲ. ನನ್ನ ಕೆಲಸದಲ್ಲಿ ನಾನು ಕಲಿತ ವಿದ್ಯೆ ಅದು.

ಎರಡು ಸಾವಿರದ ಒಂದನೇ ಇಸವಿಯ ಮಳೆಗಾಲ. ನೇಕಾರರ ಬೀದಿಯ ತಿಪ್ಪಯ್ಯನ ಮಗಳು ಶ್ರೀವಾಣಿ ಆಗಷ್ಟೇ ಕಾಲೇಜಿಗೆ ಸೇರಿದ್ದಳು. ಮಂಗಳವಾರ ಒಪ್ಪೊತ್ತು ಇರುತ್ತೇನೆ ಎಂದಳು, ಅಂದರೆ ಚೌಡಮ್ಮನ ಹೆಸರಿನಲ್ಲಿ ದಿನಕ್ಕೆ ಒಂದೇ ಊಟ. ಆಮೇಲೆ ಶುಕ್ರವಾರವೂ ಸೇರಿತು. ದಸರೆ ಕಳೆಯುವಷ್ಟರಲ್ಲಿ ವಾರದ ಏಳು ದಿನವೂ ಚೌಡಮ್ಮನದಾಯಿತು. ಆ ಒಂದು ಊಟವಾದರೂ ಎಂಥದು? ಮುದ್ದೆಯನ್ನು ತಟ್ಟೆಯಲ್ಲಿ ಮುರಿದು ಮುರಿದು ಆಟವಾಡಿಸಿ ಕೊನೆಗೆ ತಮ್ಮನ ತಟ್ಟೆಗೆ ಹಾಕುವುದು. ಮನೆಯವರಿಗೆಲ್ಲ ಅಡುಗೆ ಮಾಡುತ್ತಿದ್ದವಳು ಅವಳೇ. ಒತ್ತಾಯ ಮಾಡಿ ಬಡಿಸಿ, ಅವರು ನುಂಗುವುದನ್ನು ಕಣ್ಣು ಮಿಟುಕಿಸದೆ ನೋಡುತ್ತ ಕೂರುತ್ತಿದ್ದಳಂತೆ. ಇದನ್ನೆಲ್ಲ ಅವಳ ಅವ್ವ ಪೆದ್ದಮ್ಮ ನನಗೆ ಹೇಳಿದ್ದು ಹೆಮ್ಮೆಯಿಂದ.

"ಮಾ ಅಮ್ಮಾಯಿಗೆ ಆಸೆನೇ ಇಲ್ಲ ಸಿಸ್ಟರಮ್ಮ. ಹೋಳಿಗೆ ಮಾಡಿ ನಮಗೆಲ್ಲ ತಿನ್ನಿಸ್ತಾಳೆ, ತಾನು ಬೆರಳು ಸೈತ ನೆಕ್ಕಲ್ಲ. ಹಿಂದಿನ ಜನ್ಮದಾಗೆ ಸನ್ಯಾಸಿ ಆಗಿದ್ಲೇನೋ."

"ಈ ಜನ್ಮದಾಗೆ ಹೆಣ ಆಗ್ತಾಳೆ, ನೋಡ್ತಿರು" ಎಂದೆ. ಪೆದ್ದಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ನಾನು ಏನು ಹೇಳಿದರೂ ಈ ಜನಕ್ಕೆ ತಮಾಷೆ.

ಮಾರ್ಚಿ ತಿಂಗಳಲ್ಲಿ ನಮ್ಮೂರಿನ ಬಂಡೆಗಳ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಆ ಬಿಸಿಲಿನಲ್ಲಿ ಆ ಹುಡುಗಿ ತುಂಬುತೋಳಿನ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದಳು. ಉಗುರುಗಳು ನೀಲಿಗಟ್ಟಿದ್ದವು. ತಲೆ ಬಾಚಿದರೆ ಬಾಚಣಿಗೆಯ ತುಂಬ ಕೂದಲು. ಕೂತವಳು ಏಳುವಾಗ ಗೋಡೆ ಹಿಡಿಯುತ್ತಿದ್ದಳು. ಆದರೂ ಸುಮ್ಮನೆ ಕೂರುವವಳಲ್ಲ, ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಗುಡ್ಡದ ಮೇಲಿನ ಚೌಡಮ್ಮನ ಗುಡಿಗೆ ಹತ್ತಿ ಇಳಿಯುತ್ತಿದ್ದಳು. ಕೆನ್ನೆಯ ಮೇಲೆ, ಮುಂಗೈ ಮೇಲೆ ಎಳೆಗೂಸಿಗೆ ಇರುವಂಥ ನವಿರು ಕೂದಲು ಬಂದಿತ್ತು.

ಬೀದಿಯ ಜನ ಕುರುಡರೇನಲ್ಲ, ಎಲ್ಲವನ್ನೂ ನೋಡಿದ್ದರು. ನೋಡಿ ಅರ್ಥ ಬೇರೆ ಮಾಡಿದ್ದರು. ಮೈ ತಣ್ಣಗಾದರೆ ಅಮ್ಮನವರು ತಂಪು ಮಾಡಿದ್ದಾರೆ. ನವಿರು ಕೂದಲು ಬಂದರೆ ಮುಖಕ್ಕೆ ಕಳೆ ಬಂದಿದೆ. ಉಣ್ಣದೆಯೇ ಗುಡ್ಡ ಹತ್ತಿದರೆ ಅದು ಶಕ್ತಿ. ಇಷ್ಟು ಬುದ್ಧಿಯನ್ನು ಬೇರೆ ಕಡೆ ಖರ್ಚು ಮಾಡಿದ್ದರೆ ಊರು ಉದ್ಧಾರವಾಗುತ್ತಿತ್ತು.

ಇದನ್ನೂ ಮೀರಿದ ಮೂರ್ಖತನ ನಡೆದದ್ದು ಮಗ್ಗದ ಬಳಿ. ಸೀರೆಗಳು ಮುಗಿದು ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದುದ್ದದ ಎಳೆಗಳನ್ನು, ಏರಿಸುವಾಗ ಹಳೆಯ ಎಳೆಗೂ ಹೊಸ ಎಳೆಗೂ ಒಂದೊಂದನ್ನೇ ಹೊಸೆದು ಸೇರಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಬೆರಳಿಗೆ ಬೂದಿ ಹಚ್ಚಿಕೊಂಡು ಸಾವಿರಾರು ಎಳೆ ಕೆಚ್ಚಬೇಕು, ಹೆಚ್ಚಾಗಿ ಹೆಂಗಸರ ಕೆಲಸ. ಮುಟ್ಟಾದವರು ಹಾಸು ಮುಟ್ಟುವಂತಿಲ್ಲ ಎಂದು ಆ ಬೀದಿಯಲ್ಲಿ ಕಟ್ಟುನಿಟ್ಟು, ಹಾಗಾಗಿ ಪ್ರತಿ ಮನೆಯಲ್ಲೂ ದಿನ ನೋಡಿಯೇ ಹಾಸು ಏರಿಸುತ್ತಿದ್ದರು. ಶ್ರೀವಾಣಿಗೆ ಮಾತ್ರ ದಿನ ನೋಡುವುದೇ ಬೇಕಿರಲಿಲ್ಲ. ಯಾವತ್ತು ಕರೆದರೂ ಬರುತ್ತಿದ್ದಳು. ಜನ ತಾಂಬೂಲ ಹಿಡಿದು ಬಂದು ಮೊದಲ ಎಳೆಯನ್ನು ಅವಳ ಕೈಯಿಂದಲೇ ಕೆಚ್ಚಿಸತೊಡಗಿದರು. ಅವಳು ಕೆಚ್ಚಿದ ಹಾಸು ಹರಿಯುವುದೇ ಇಲ್ಲವಂತೆ.

ನನಗೆ ತಲೆ ಬಿಸಿಯಾಯಿತು. ಪೆದ್ದಮ್ಮನನ್ನು ಹಿತ್ತಿಲಿಗೆ ಕರೆದು ಕೇಳಿದೆ, "ಹುಡುಗಿ ಮುಟ್ಟಾಗಿ ಎಷ್ಟು ದಿನ ಆತು?"

ಅವಳು ಗುಟ್ಟು ಹೇಳುವವಳಂತೆ ಬಗ್ಗಿದಳು. "ಏಳು ತಿಂಗಳು ಸಿಸ್ಟರಮ್ಮ. ಅಮ್ಮನೋರೇ ನಿಲ್ಲಿಸವ್ಳೆ. ಮೈಲಿಗೆನೇ ಬ್ಯಾಡ ಅಂತ."

ಇದೇ ಬೀದಿಯಲ್ಲಿ ಬೇರೆ ಯಾರ ಮಗಳಿಗಾದರೂ ಎರಡು ತಿಂಗಳು ಮುಟ್ಟು ನಿಂತಿದ್ದರೆ ಬೆನ್ನ ಮೇಲೆ ಬಾಸುಂಡೆ ಬರುತ್ತಿತ್ತು. ಇವಳಿಗೆ ಆರತಿ. ನಾನು ಮುಟ್ಟಾದ ದಿನಗಳಲ್ಲಿ ಹಟ್ಟಿಯ ಹೊರಗೆ ಮರದ ಕೆಳಗೆ ಮಲಗಿ ಬೆಳೆದವಳು. ಅಲ್ಲಿ ರಕ್ತ ಬಂತೆಂದು ಹೊರಗೆ ಹಾಕಿದರು, ಇಲ್ಲಿ ಬರಲಿಲ್ಲವೆಂದು ದೇವರ ಮುಂದೆ ಕೂರಿಸಿದರು. ಹುಡುಗಿಯ ಮೈ ಏನು ಹೇಳುತ್ತಿದೆ ಎಂದು ಎರಡೂ ಕಡೆ ಯಾರೂ ಕೇಳಲಿಲ್ಲ.

ತಿಪ್ಪಯ್ಯನಿಗೆ ಹೇಳಿದೆ. ಅವನು ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲಿಳಿಬಿಟ್ಟುಕೊಂಡು ನೇಯುತ್ತಿದ್ದವನು ತಲೆಯನ್ನೂ ಎತ್ತಲಿಲ್ಲ. "ಒಂದು ದಿನ ಜ್ವರ ಅಂತ ಮಲಗಿದೋಳಲ್ಲ ಸಿಸ್ಟರಮ್ಮ. ಯುಗಾದಿ ಕಳೀಲಿ, ನೋಡಾನ" ಎಂದ. ಹಾಸಿನಲ್ಲಿ ಒಂದು ಎಳೆ ಹರಿದರೆ ಕತ್ತಲಲ್ಲೂ ಗೊತ್ತಾಗುವ ಬೆರಳು ಅವನದು. ಮಗಳು ಅರ್ಧವಾಗಿದ್ದು ಗೊತ್ತಾಗಿರಲಿಲ್ಲ.

ಕೊನೆಗೆ ಹುಡುಗಿಯನ್ನೇ ಹಿಡಿದೆ. ಗುಡ್ಡದಿಂದ ಇಳಿದು ಬರುತ್ತಿದ್ದಳು. "ಚೌಡಮ್ಮ ನಿನ್ನ ಹತ್ರ ಅನ್ನ ಕಿತ್ಕೊಂಡ್ಲೇನೇ?" ಎಂದು ಕೇಳಿದೆ. ಅವಳು ಚೌಡಮ್ಮನ ಹೆಸರನ್ನೇ ಎತ್ತಲಿಲ್ಲ. ಸ್ವೆಟರಿನ ತೋಳು ಸರಿಸಿ, ಮಣಿಕಟ್ಟಿನ ಮೇಲಿನ ಚರ್ಮವನ್ನು ಚಿವುಟಿ ಎತ್ತಿ ಹಿಡಿದು, "ನೋಡ್ರಿ ಸಿಸ್ಟರಮ್ಮ, ಇಲ್ಲಿ ಇನ್ನೂ ಕೊಬ್ಬು ಐತೆ" ಎಂದಳು. ಅಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ನನಗೆ ಮರುಕ ಬರಬೇಕಿತ್ತು. ಬಂದದ್ದು ಸಿಟ್ಟು. ಬರದ ವರ್ಷ ನಮ್ಮವ್ವ ಗಂಜಿಯ ತಳ ಕೆರೆದು ನಮಗೆ ಕೊಡುತ್ತಿದ್ದಳು, ಇವಳಿಗೆ ಉಂಡ ಮನೆಯ ಸೊಕ್ಕು ಎಂದುಕೊಂಡು ಹೊರಟುಬಿಟ್ಟೆ.

ಆ ವಾರ ಚಳ್ಳಕೆರೆಯಲ್ಲಿ ಮೀಟಿಂಗ್ ಇತ್ತು. ಚಹಾ ಕುಡಿಯುವಾಗ ಅಲ್ಲಿನ ಡಾಕ್ಟರ್ ಶಾಂತಕುಮಾರಿಯವರಿಗೆ ನಮ್ಮೂರಿನ ಜನರ ಪೆದ್ದುತನದ ಕತೆ ಎಂದು ಇದನ್ನೆಲ್ಲ ನಗುನಗುತ್ತ ಹೇಳಿದೆ. ಅವರು ನಗಲಿಲ್ಲ. ಲೋಟ ಕೆಳಗಿಟ್ಟರು.

"ಅದಕ್ಕೆ ಅನೊರೆಕ್ಸಿಯಾ ಅಂತಾರೆ ಸೂರಮ್ಮ. ವ್ರತನೂ ಅಲ್ಲ, ಸೊಕ್ಕೂ ಅಲ್ಲ, ಕಾಯಿಲೆ. ದಪ್ಪ ಆಗ್ಬಿಡ್ತೀನಿ ಅನ್ನೋ ಭಯ ಹಸಿವನ್ನೇ ನುಂಗಿಬಿಡುತ್ತೆ. ಎಷ್ಟು ಸಣ್ಣ ಆದ್ರೂ ಕನ್ನಡಿಯಲ್ಲಿ ದಪ್ಪಗೇ ಕಾಣ್ತಾರೆ. ವ್ರತ ಅನ್ನೋದು ಆ ಹುಡುಗಿಗೆ ಸಿಕ್ಕಿರೋ ನೆಪ. ಬೇಡ ಅನ್ನೋಕೆ ಯಾರಿಗೂ ಧೈರ್ಯ ಬರಲ್ವಲ್ಲ."

"ಮೈಮೇಲಿನ ಕೂದಲು ಮೇಡಂ?"

"ಕೊಬ್ಬಿಲ್ಲದ ಮೈ ಬಿಸಿ ಉಳಿಸಿಕೊಳ್ಳೋಕೆ ಕೂದಲು ಬೆಳೆಸ್ಕೊಳ್ಳುತ್ತೆ. ಮುಟ್ಟು ನಿಲ್ಲೋದೂ ಅದಕ್ಕೇ, ಇರೋ ಶಕ್ತಿನ ಉಳಿಸೋಕೆ. ಮೂಳೆ ಟೊಳ್ಳಾಗುತ್ತೆ. ಕೊಬ್ಬು ಮುಗಿದ್ಮೇಲೆ ಮೈ ತನ್ನ ಮಾಂಸಾನೇ ತಿನ್ನುತ್ತೆ. ಹೃದಯಾನೂ ಮಾಂಸಾನೇ ಅಲ್ವಾ? ನಡೀತಾ ನಡೀತಾನೇ ನಿಂತುಹೋಗಬಹುದು. ನಾಳೆ ಅನ್ನಬೇಡಿ, ಇವತ್ತೇ ಕರ್ಕೊಂಡು ಬನ್ನಿ."

ಮೀಟಿಂಗ್ ಬಿಟ್ಟು ಮಧ್ಯಾಹ್ನದ ಬಸ್ಸು ಹತ್ತಿದೆ. ಬಿ.ಜಿ. ಕೆರೆ ದಾಟುವವರೆಗೂ ಆ ಮಣಿಕಟ್ಟು ಕಣ್ಣ ಮುಂದೆಯೇ ಇತ್ತು.

ತಿಪ್ಪಯ್ಯನ ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಹೊಸ ಹಾಸಿನ ಪೂಜೆ. ಕರ್ಪೂರದ ಹೊಗೆಯಲ್ಲಿ ಹತ್ತು ಹನ್ನೆರಡು ಜನ ಕೈಮುಗಿದು ನಿಂತಿದ್ದರು. ಶ್ರೀವಾಣಿ ಕಾಣಲಿಲ್ಲ. ಕೆಚ್ಚುತ್ತ ಕೆಚ್ಚುತ್ತಲೇ ಕಣ್ಣು ಕತ್ತಲೆ ಬಂದು ಮಗ್ಗದ ಗುಂಡಿಗೆ ಉರುಳಿದ್ದಳು. ಗುಂಡಿಯೊಳಗೆ, ತುಳಿಯುವ ಹಲಗೆಗಳ ಮೇಲೆ ಮುದುಡಿಕೊಂಡು ಬಿದ್ದಿದ್ದಳು. ಯಾರೂ ಎತ್ತಿರಲಿಲ್ಲ.

"ಅಮ್ಮನೋರು ಬಂದವ್ಳೆ, ಮಡಿಯಲ್ಲಿ ಅವ್ಳೆ, ಮುಟ್ಟಬ್ಯಾಡ್ರಿ" ಎಂದ ಬೀದಿಯ ಹಿರಿಯ ಪಾತಣ್ಣ. ಅವನ ಕೈಯಲ್ಲಿ ಒಡೆದ ತೆಂಗಿನಕಾಯಿ.

"ಬಂದಿರೋದು ಅಮ್ಮನೋರಲ್ಲ, ಯಮ" ಎಂದೆ. "ನಾನು ಬಸ್ಸಲ್ಲಿ ಹತ್ತು ಜಾತಿ ಮುಟ್ಕೊಂಡು ಬಂದಿದೀನಿ. ದೂರ ನಿಲ್ರಿ ಎಲ್ಲ!" ಚೌಡಮ್ಮನಿಗೂ ನನಗೂ ಜಗಳವಿಲ್ಲ, ಅವಳ ಹೆಸರಿನಲ್ಲಿ ಕಣ್ಣು ಮುಚ್ಚಿಕೊಂಡವರ ಮೇಲೆ ನನ್ನ ಸಿಟ್ಟು. ಗುಂಡಿಗಿಳಿದು ತೋಳಿನ ಕೆಳಗೆ ಕೈ ಹಾಕಿ ಎತ್ತಿದೆ. ಬೇಸಿಗೆಯಲ್ಲಿ ಹುಟ್ಟಿದ ಕುರಿಮರಿಯಷ್ಟೇ ಭಾರ. ಹೊರಗೆ ತಂದು, ಬೀದಿಯಲ್ಲಿ ಬಾಡಿಗೆ ಜೀಪು ಓಡಿಸುವ ಪಾಲಣ್ಣನ ಜೀಪಿನಲ್ಲಿ ಹಾಕಿದೆ. ಆಗ ತಿಪ್ಪಯ್ಯ ಓಡಿ ಬಂದ. ಮಗಳ ಪಾದ ಹಿಡಿದು ನೋಡಿದ, ಮೊದಲ ಸಲ ನೋಡುವವನಂತೆ. ಚಳ್ಳಕೆರೆಯವರೆಗೂ ಆ ಪಾದ ಬಿಡಲಿಲ್ಲ.

ನಾಡಿ ನಿಮಿಷಕ್ಕೆ ನಲವತ್ತು ದಾಟಲಿಲ್ಲ. ಶಾಂತಕುಮಾರಿ ಮೇಡಂ ರಾತ್ರಿಯೆಲ್ಲ ಮನೆಗೆ ಹೋಗಲಿಲ್ಲ. ಮಾರನೆಯ ದಿನವೇ ಬೀದಿಯ ಹೆಂಗಸರು ತುಪ್ಪ ಸುರಿದ ಹೋಳಿಗೆಯ ಡಬ್ಬಿ ಹಿಡಿದು ಬಂದರು. ಇಷ್ಟು ದಿನ ಉಪವಾಸಕ್ಕೆ ಕೈಮುಗಿದವರು ಈಗ ಒಂದೇ ದಿನದಲ್ಲಿ ತುರುಕಿ ಬದುಕಿಸಲು ಹೊರಟಿದ್ದರು. ಬರಿದಾದ ಮೈಗೆ ಒಮ್ಮೆಲೇ ತುಂಬಿದರೆ ಹೃದಯ ನಿಂತೀತು, ಚಮಚ ಚಮಚವಾಗಿಯೇ ಕೊಡಬೇಕು ಎಂದು ಮೇಡಂ ಹೇಳಿದ್ದರು. ನಾನು ವಾರ್ಡಿನ ಬಾಗಿಲಿಗೆ ಸ್ಟೂಲು ಹಾಕಿಕೊಂಡು ಕೂತು ಒಂದೊಂದು ಡಬ್ಬಿಯನ್ನೂ ಬೈದು ವಾಪಸು ಕಳಿಸಿದೆ.

ಮೇಡಂ ನನ್ನನ್ನು ಒಂದು ಮಾತು ಕೇಳಿದ್ದರು. "ಇದು ಯಾವಾಗ ಶುರುವಾಯ್ತು? ಮೈ ಬಗ್ಗೆ ಯಾರಾದ್ರೂ ಏನಾದ್ರೂ ಅಂದಿದ್ರಾ? ಮುಂದೆ ಮನಸ್ಸಿನ ಡಾಕ್ಟರಿಗೆ ತೋರಿಸುವಾಗ ಬೇಕಾಗುತ್ತೆ." ನಾನು ಹುಡುಗಿಯ ಅವ್ವನ ಹೆಸರು ಹೇಳಿದೆ, ಅಪ್ಪನ ಹೆಸರು ಹೇಳಿದೆ, ಪಾತಣ್ಣನನ್ನೂ ತಾಂಬೂಲ ತಂದವರನ್ನೂ ಬಿಡಲಿಲ್ಲ. ಅವರು ಬರೆದುಕೊಂಡರು.

ನಾಲ್ಕನೇ ದಿನ ಶ್ರೀವಾಣಿ ಸರಿಯಾಗಿ ಕಣ್ಣು ಬಿಟ್ಟಳು. ಗಂಜಿಯ ಬಟ್ಟಲು ಹಿಡಿದು ನಾನು ಪಕ್ಕದಲ್ಲಿದ್ದೆ.

"ಗುಂಡಿಯಿಂದ ನನ್ನ ಯಾರು ಎತ್ತಿದ್ದು ಸಿಸ್ಟರಮ್ಮ?"

"ನಾನೇ."

"ಒಬ್ರೇನಾ?"

"ಒಬ್ಳೇ. ಅವರೆಲ್ಲ ಕರ್ಪೂರ ಹಚ್ಕೊಂಡು ನಿಂತಿದ್ರಲ್ಲ, ದಂಡಪಿಂಡಗಳು."

ಅವಳ ಒಣಗಿದ ತುಟಿ ಅಗಲವಾಯಿತು. ಕಣ್ಣಲ್ಲಿ ಬೆಳಕು ಬಂತು. ಪಾಸಾದ ಹುಡುಗಿ ಅಂಕಪಟ್ಟಿ ತೋರಿಸುವ ಹಾಗೆ ನನ್ನ ಮುಖ ನೋಡಿದಳು.

"ನಾಲ್ಕಾಳು ಬೇಕು ಅಂದಿದ್ರಿ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ಶಹಭಾಸ್‌ಗಿರಿಗೆ ಕಾಯುತ್ತಿದ್ದಳು. ಹೈಸ್ಕೂಲಿನ ಆ ಸಾಲು ನೆನಪಾಯಿತು, ತೂಕದ ಯಂತ್ರದ ಮೇಲಿಂದ ಇಳಿಯುತ್ತಿದ್ದ ದುಂಡು ಮುಖ ನೆನಪಾಯಿತು. ನಕ್ಕಿದ್ದಳು ಎಂದುಕೊಂಡಿದ್ದೆ. ಇಡೀ ಊರನ್ನು ಕಣ್ಣಿದ್ದೂ ಕುರುಡರು ಎಂದು ಬೈಯುತ್ತ ತಿರುಗಿದ ನನಗೆ, ನಾನೇ ಆಡಿದ ಮಾತನ್ನು ಯಾರಿಗೆ ಆಡಿದೆ ಎಂಬುದೂ ನೆನಪಿರಲಿಲ್ಲ.

ಬಟ್ಟಲು ಇಟ್ಟು ಮೇಡಂ ಕೋಣೆಗೆ ಹೋದೆ. "ಅವತ್ತು ಕೇಳಿದ್ರಲ್ಲ ಮೇಡಂ, ಯಾರು ಏನಂದ್ರು ಅಂತ. ನನ್ನ ಹೆಸರು ಬರ್ಕೊಳ್ಳಿ" ಎಂದು ನಡೆದದ್ದನ್ನು ಹೇಳಿದೆ.

"ಒಂದು ಮಾತಿಗೇ ಇಷ್ಟೆಲ್ಲ ಆಗಲ್ಲ ಸೂರಮ್ಮ, ಬೇರೆ ಕಾರಣಗಳೂ ಇರ್ತವೆ" ಎಂದರು.

"ಇರಲಿ ಮೇಡಂ. ಆ ಒಂದು ನಂದು."

ಅವರು ಬರೆದುಕೊಂಡರು. ನಾನು ವಾರ್ಡಿಗೆ ವಾಪಸಾದೆ. ಗಂಜಿ ಆರಿರಲಿಲ್ಲ. ಚಮಚವನ್ನು ಬಾಯಿಯ ಹತ್ತಿರ ಹಿಡಿದೆ. ಶ್ರೀವಾಣಿ ಬಾಯಿ ತೆರೆಯಲಿಲ್ಲ, ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಹರಿಯುತ್ತಿತ್ತು.

"ತಿಂದ್ರೆ ಮತ್ತೆ ಹಂಗೇ ಆಗ್ತೀನಾ ಸಿಸ್ಟರಮ್ಮ?"

ನಾಲಿಗೆಯ ತುದಿಗೆ ಮೂರು ಮಾತು ಬಂದವು, ಮೂರೂ ನಗಿಸುವಂಥವು. ಅವನ್ನು ನುಂಗಿಕೊಂಡೆ. ಅವಳ ತಣ್ಣನೆಯ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೆ.

"ನಾನು ಅಂದಿದ್ದು ತಪ್ಪು ಕಣವ್ವ" ಎಂದೆ. ಆ ಮಾತನ್ನು ನಾನು ಅದಕ್ಕೆ ಮುಂಚೆ ಯಾರಿಗೂ ಹೇಳಿದವಳಲ್ಲ.

ಅವಳು ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡಳು. ಆಮೇಲೆ ಬಾಯಿ ತೆರೆದಳು, ಒಂದು ಚಮಚಕ್ಕೆ.