ಮರದ ದನಿ ಕೇಳುವ ಭಾವನವರು

ನಮ್ಮವರ ಅಣ್ಣ, ನನ್ನ ಭಾವನವರು, ಯಾರ ಮನೆಗೆ ಹೋದರೂ ಮೊದಲು ಬಾಗಿಲು ಬಡಿಯುತ್ತಿದ್ದರು. ಬಾಗಿಲು ಹಾರುಹೊಡೆದಿದ್ದರೂ ಬಡಿಯುತ್ತಿದ್ದರು. ಮರದ ದನಿ ಕೇಳಬೇಕಲ್ಲ! ಬೆರಳಗೆಣ್ಣಿನಿಂದ ಎರಡು ಏಟು, ಕತ್ತು ಓರೆ ಮಾಡಿ ಒಂದು ಕ್ಷಣದ ಧ್ಯಾನ, ಆಮೇಲೆ ತೀರ್ಪು: "ನಮ್ಮದು" ಇಲ್ಲವೆ "ಅವರದು." ಅವರ ಭೂಮಂಡಲದಲ್ಲಿ ಇದ್ದದ್ದು ಎರಡೇ ದೇಶ, ನಮ್ಮದೊಂದು, ಕಡಲಾಚೆಯದೊಂದು. ಆಸ್ಪತ್ರೆಯಲ್ಲಿ ಮಲಗಿದಾಗಲೂ ಮಂಚ ಬಡಿದು, ಕಬ್ಬಿಣವೆಂದು ತಿಳಿದು ಮುಖ ಸಿಂಡರಿಸಿದವರು.

ಗಟ್ಟಿಮರದ ವ್ಯಾಪಾರ ನಮ್ಮ ಮಾವನವರ ಕಾಲದ್ದು. ಆಗ ನಮ್ಮ ಡಿಪೋದ ತೊಲೆಗಳು ಹಡಗು ತುಂಬ ಆಚೆ ದೇಶಕ್ಕೆ ಹೋಗುತ್ತಿದ್ದವು; ಹಡಗು ಹಿಂದಿರುಗುವಾಗ, ಖಾಲಿಯಾಗಿ ಹೊಯ್ದಾಡದಿರಲೆಂದು, ಭಾರಕ್ಕೆ ಮರಳು ಹೇರಿಕೊಂಡು ಬರುತ್ತಿತ್ತಂತೆ. "ನಾವು ಮರ ಕೊಟ್ವಿ, ಅವರು ಮಣ್ಣು ಕೊಟ್ರು" ಎಂದು ಭಾವ ನಗುತ್ತಿದ್ದರು. ಆ ನಗು ಬಹುಕಾಲ ನಡೆಯಲಿಲ್ಲ. ನಮ್ಮ ಕಾಡು ಬೋಳಾಯಿತು. ಅವರೋ, ಕಡಿದಲ್ಲೇ ನೆಟ್ಟು, ಅಜ್ಜ ನೆಟ್ಟದ್ದನ್ನು ಮೊಮ್ಮಗ ಕಡಿಯುವಂತೆ ಸರದಿ ಹಾಕಿಕೊಂಡು, ಹದವಾಗಿ ಒಣಗಿಸಿ, ತುದಿಗೆ ಬಣ್ಣ ಬಳಿದ ಹಲಗೆಗಳನ್ನು ನಮಗೇ ಮಾರತೊಡಗಿದರು.

ಭಾವ ಒಪ್ಪಿಯಾರೆ? ಎರಡೂ ದೇಶದ ಒಂದೊಂದು ಹಲಗೆಯನ್ನು ಗೇಟಿನ ಪಕ್ಕ ಮಳೆಬಿಸಿಲಿಗೆ ನಿಲ್ಲಿಸಿ, ಬಂದವರಿಗೆಲ್ಲ ಅವರ ಹಲಗೆಯ ಬಿರುಕು ತೋರಿಸುತ್ತಿದ್ದರು. ನಮ್ಮ ಹಲಗೆಗೆ ಮಾತ್ರ ಗುಟ್ಟಾಗಿ ಎಣ್ಣೆ ಸವರುವುದನ್ನು ಅವರ ಹೆಂಡತಿ, ನಮ್ಮಕ್ಕ, ಕಂಡುಹಿಡಿದಿದ್ದಳು.

"ಪಂದ್ಯದಲ್ಲಿ ಒಬ್ಬನಿಗೇ ಊಟ ಹಾಕಿದ್ರೆ ಹೇಗ್ರೀ?"

"ಮನೆ ಮಗ ಕಣೇ!"

ಕೊನೆಗೆ ಡಿಪೋ ಬರಿದಾಯಿತು. ನಮ್ಮವರು ಅಣ್ಣನ ಮಾತು ಮೀರಿ ಆಚೆ ದೇಶದ ಒಂದು ಲೋಡು ತರಿಸಿಯೇಬಿಟ್ಟರು. "ಆ ಮರ ಗೇಟಿನ ಒಳಗೆ ಬಂದ ದಿನ ನಾನು ಹೊರಗೆ. ಪಾಲು ಮಾಡ್ಬಿಡು" ಎಂದರು ಭಾವ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಣ್ಣತಮ್ಮಂದಿರು ಬೇರೆಯಾಗುತ್ತಾರಲ್ಲ ಎಂದು ಅಕ್ಕ, ನಾನು ಜೀವ ಕೈಯಲ್ಲಿ ಹಿಡಿದು ನಿಂತೆವು.

ಲಾರಿ ಬಂತು. ಅಲ್ಲಿನ ಯಾವುದೋ ಹಳೆಯ ಕಾರ್ಖಾನೆ ಕೆಡವಿದಾಗ ಸಿಕ್ಕ ತೊಲೆಗಳು, ಜೊತೆಗೆ ಹೊಸ ಹಲಗೆಗಳು. ಭಾವ ಅಡ್ಡ ನಿಂತು, ಹೊರಚಾಚಿದ್ದ ತೊಲೆಯೊಂದನ್ನು ಬಡಿದು, ಕತ್ತು ಓರೆ ಮಾಡಿದರು.

"ಅವರದೇ. ಒಡಕು ಮಡಕೆ ದನಿ. ಅಪ್ಪ ಇದ್ದಿದ್ರೆ ಒಲೆಗೂ ಇಡ್ತಿರಲಿಲ್ಲ."

"ಮರದ ಎಳೆಯಾದ್ರೂ ನೋಡಣ್ಣ" ಎಂದು ನಮ್ಮವರು ತುದಿಗೆ ಅಂಟಿದ್ದ ಗಾರೆಯನ್ನು ಬೀಗದಕೈಯಿಂದ ಕೆರೆದರು. ಕೆರೆದಂತೆ ಒಂದು ವೃತ್ತ ಕಂಡಿತು, ವೃತ್ತದೊಳಗೊಂದು ಮೀನು. ಮಾವನವರು ಸಾಗಿಸುವ ಮುನ್ನ ಪ್ರತಿ ತೊಲೆಯ ತುದಿಗೂ ಸುತ್ತಿಗೆಯಿಂದ ಹೊಡೆಯುತ್ತಿದ್ದ ನಮ್ಮ ಡಿಪೋದ ಮುದ್ರೆ! ಆ ಸುತ್ತಿಗೆ ಆಗಲೂ ಆಫೀಸಿನ ಮೊಳೆಗೆ ನೇತಾಡುತ್ತಿತ್ತು.

ಭಾವನ ಗೆಣ್ಣು ಗಾಳಿಯಲ್ಲೇ ನಿಂತಿತು.

"ಏನ್ರೀ, ಮಾವನವರ ಮರಾನೇ ಒಲೆಗೂ ಬೇಡ ಅಂದ್ರಲ್ಲ!" ಎಂದಳು ಅಕ್ಕ.

ಭಾವ ಮತ್ತೊಮ್ಮೆ ಬಡಿದು, ಕಿವಿಯನ್ನು ತೊಲೆಗೇ ಹಚ್ಚಿ ಬಹಳ ಹೊತ್ತು ಕೇಳಿದರು. "ಪರದೇಶದಲ್ಲಿದ್ದು ಗಂಟಲು ಕಟ್ಟಿದೆ, ಅಷ್ಟೇ" ಎಂದು ತಾವೇ ಗೇಟು ತೆರೆದರು.

"ಹೊಸ ಹಲಗೆಗಳೆಲ್ಲ ಅವರದೇ ಅಣ್ಣ" ಎಂದು ನಮ್ಮವರು ಅಳುಕುತ್ತಲೇ ನೆನಪಿಸಿದರು.

"ನಮ್ಮೋನ ಜೊತೆ ಬಂದ ನೆಂಟರನ್ನ ಬಾಗಿಲಲ್ಲೇ ನಿಲ್ಲಿಸ್ತಾರೇನೋ, ದಡ್ಡ!"

ಮರುದಿನದಿಂದ ಗೇಟಿನ ಪಕ್ಕದ ಎರಡು ಹಲಗೆಗೂ ಎಣ್ಣೆ ಬಿತ್ತು; ನಮ್ಮದಕ್ಕೆ ಒಂದು ಕೈ ಹೆಚ್ಚು. ಪಕ್ಷಪಾತವಿಲ್ಲದೆ ಪ್ರೀತಿಸಲು ಬಾರದ ಜನ ಭಾವನಂಥವರು. ವಾದದಿಂದ ಇವರನ್ನು ಗೆದ್ದವರಿಲ್ಲ. ಎದುರು ಪಾಳೆಯದಲ್ಲಿ ತಮ್ಮವನೊಬ್ಬ ಸಿಕ್ಕಿಬಿಟ್ಟರೆ ಮಾತ್ರ, ಇಡೀ ಪಾಳೆಯವನ್ನೇ ಒಳಗೆ ಕರೆದು ಚಾಪೆ ಹಾಸುತ್ತಾರೆ.