ನಾನು ಹಿಡಿದ ಅಳು

ನಾನೊಂದು ವಿಡಿಯೋ ಕ್ಯಾಮೆರಾ. ಹುಟ್ಟಿದ್ದು ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ. ಬಿಳಿ ಟೋಪಿ ಹಾಕಿದ ಹೆಂಗಸರು ಸಾಲಾಗಿ ಕೂತು ನನ್ನ ಅಂಗಾಂಗ ಜೋಡಿಸಿದರು. ಕಣ್ಣು ಕೂರಿಸಿದವಳಂತೂ ಒಂದು ಕಣ ಧೂಳೂ ಬೀಳಬಾರದೆಂದು ಉಸಿರು ಬಿಗಿಹಿಡಿದಿದ್ದಳು. ಅಷ್ಟು ಮರ್ಯಾದೆಯಿಂದ ಹುಟ್ಟಿದೆ. ಆಮೇಲೆ ಮಾಡಿದ್ದು ಮಾತ್ರ ಮರ್ಯಾದೆಯ ಕೆಲಸವಲ್ಲ. ಅದನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ.

ಮಳವಳ್ಳಿಯ ಚಿತ್ರಲೇಖ ಸ್ಟುಡಿಯೋದ ಬೋರಲಿಂಗಣ್ಣ ನನ್ನನ್ನು ಕೊಂಡು ತಂದ. ಕುಂಕುಮ ಹಚ್ಚಿ, ನಿಂಬೆಹಣ್ಣು ನಿವಾಳಿಸಿ ಹೆಗಲಿಗೇರಿಸಿದ. ಅಲ್ಲಿಂದ ಮುಂದೆ ಮದುವೆಯೇ ಮದುವೆ. ಧಾರೆ, ಸಪ್ತಪದಿ, ಊಟದ ಸಾಲು. ಬಾಯಲ್ಲಿ ಹೋಳಿಗೆ ಇದ್ದವರೆಲ್ಲ ನನ್ನನ್ನು ಕಂಡು ಮುಖ ತಿರುಗಿಸುತ್ತಿದ್ದರು. ನಾನು ಚಿತ್ರ ಹಿಡಿಯುತ್ತಿದ್ದೇನೆಂದು ತೋರಿಸಲು ಹಣೆಯ ಮೇಲೆ ಒಂದು ಕೆಂಪು ದೀಪವಿತ್ತು. ಅದನ್ನು ಕಂಡರೆ ಜನ ಗೊಂಬೆಗಳ ಹಾಗೆ ನಿಂತುಬಿಡುತ್ತಾರೆಂದು ಬೋರಲಿಂಗಣ್ಣ ಅದರ ಮೇಲೆ ಕಪ್ಪು ಟೇಪು ಅಂಟಿಸಿದ. ಎರಡನೇ ವರ್ಷಕ್ಕೆ ನನ್ನ ಗುಂಡಿಯೂ ಸಡಿಲವಾಯಿತು. ಒಮ್ಮೆ ಆರಿಸಿದರೆ ಮತ್ತೆ ಹತ್ತಿಕೊಳ್ಳಲು ಸತಾಯಿಸುತ್ತಿದ್ದೆ. ಅದಕ್ಕೇ ಅವನು ತಿಂಡಿಗೆ ಹೋಗುವಾಗಲೂ ನನ್ನನ್ನು ಆರಿಸುತ್ತಿರಲಿಲ್ಲ.

ಹೀಗೆ ಒಂದು ಬೆಳಿಗ್ಗೆ ಛತ್ರದ ವಧುವಿನ ಕೋಣೆಯಲ್ಲಿ, ಮೇಜಿನ ಮೇಲೆ, ನನ್ನನ್ನು ಇಟ್ಟು ಹೋದ. ಮದುಮಗಳು ಕೋಮಲ. ನನಗೆ ಕಾಣುತ್ತಿದ್ದದ್ದು ಅವಳ ಬೆನ್ನು, ಮೊಗ್ಗಿನ ಜಡೆ, ಗೋಡೆಗೆ ನೇತುಹಾಕಿದ್ದ ಒಂದು ಹಸಿರು ಸೀರೆ. ಕೈಗಳಲ್ಲಿ ಮುಖ ಮುಚ್ಚಿಕೊಂಡಿದ್ದಳು.

"ಅಕ್ಕ, ನಂಗೆ ಇವ್ರು ಬ್ಯಾಡ ಕಣಕ್ಕ. ಅಪ್ಪಂಗೆ ಒಂದ್ ಮಾತು ಹೇಳು. ನಿನ್ ಕಾಲಿಗ್ ಬೀಳ್ತೀನಿ."

"ಈಗ್ ಹೇಳ್ತಿದ್ದೀಯಲ್ಲೇ! ಆಚೆ ನೆಂಟ್ರೆಲ್ಲ ತಿಂಡಿಗೆ ಕೂತವ್ರೆ. ಕಣ್ ಒರುಸ್ಕೊ, ಕಾಡಿಗೆ ಇಳೀತದೆ."

ಕೋಮಲ ಅತ್ತಳು. ನಾನು ಹಿಡಿದುಕೊಂಡೆ. ಯಾರೂ ಹಿಡಿ ಎಂದಿರಲಿಲ್ಲ. ಬೋರಲಿಂಗಣ್ಣ ಆ ತುಣುಕನ್ನು ನೋಡಲೂ ಇಲ್ಲ. ಬೇಡದ ಶಾಟುಗಳನ್ನೆಲ್ಲ ಹಾರ್ಡ್ ಡಿಸ್ಕಿನಲ್ಲಿ 'ವೇಸ್ಟ್' ಎಂಬ ಒಂದು ಫೋಲ್ಡರಿಗೆ ಸುರಿಯುವುದು ಅವನ ಅಭ್ಯಾಸ. ಯಾರ ಹೆಸರೂ ಇಲ್ಲದೆ ಆ ಅಳು ಅಲ್ಲಿ ನಾಲ್ಕು ವರ್ಷ ಬಿದ್ದಿತ್ತು.

ಅಷ್ಟರಲ್ಲಿ ಮಿಕ್ಸಿಂಗ್ ಕೆಲಸಕ್ಕೆ, ಅಂದರೆ ನಾನು ಹಿಡಿದದ್ದನ್ನು ಕತ್ತರಿಸಿ ಜೋಡಿಸಲು, ಮೋನಿಷಾ ಬಂದಳು. ಸಿನಿಮಾ ಹುಚ್ಚಿ. ಅವಳ ಹೀರೋನ ಹೆಸರು ಇಲ್ಲಿ ಬೇಡ, ಅವನದೇನೂ ತಪ್ಪಿಲ್ಲ. ಮೊದಲ ದಿನದ ಮೊದಲ ಆಟದಲ್ಲಿ ಬಾಯಿಗೆ ಎರಡು ಬೆರಳಿಟ್ಟು ಶಿಳ್ಳೆ ಹೊಡೆಯುತ್ತಿದ್ದ ಒಬ್ಬಳೇ ಹುಡುಗಿ ಅವಳು. ಮದುವೆ ಗಂಡುಗಳೆಲ್ಲ ಕಾರಿನಿಂದ ಕಾಲು ಕೆಳಗಿಡುವುದನ್ನು ನಿಧಾನಗತಿಯಲ್ಲಿ ತೋರಿಸಿ, ಧೂಳೆಬ್ಬಿಸಿ, ಹೀರೋ ಎಂಟ್ರಿ ಮಾಡಿಬಿಡುತ್ತಿದ್ದಳು. ಹೊಟ್ಟೆ ಮುಂದಿದ್ದವನೂ ಸಿಂಹದ ಹಾಗೆ ಕಾಣುತ್ತಿದ್ದ.

"ಅಣ್ಣ, ನಾನು ಡೈರೆಕ್ಟ್ರು ಆಗ್ತೀನಿ ನೋಡ್ತಿರು."

"ಮೊದ್ಲು ಆ ಕಲ್ಕುಣಿ ಊರವ್ರ ಮದ್ವೆ ಮುಗ್ಸಮ್ಮಿ, ಡೈರೆಕ್ಟ್ರು! ಮಗು ನಾಮಕರಣಕ್ಕೆ ಕರ್ಯಕ್ ಬಂದವ್ರೆ, ಇನ್ನೂ ಮದ್ವೆ ವಿಡಿಯೋನೇ ಕೊಟ್ಟಿಲ್ಲ."

ನಗುತ್ತಿದ್ದಳು. ಆದರೆ ಆ ಆಸೆ ನಗೆಯ ಮಾತಾಗಿರಲಿಲ್ಲ. ಹೀರೋನ ಹುಟ್ಟುಹಬ್ಬಕ್ಕೆ ಅಭಿಮಾನಿ ಸಂಘದವರು ಕಿರುಚಿತ್ರ ಸ್ಪರ್ಧೆ ಇಟ್ಟರು. ಗೆದ್ದದ್ದನ್ನು ಛತ್ರದಲ್ಲಿ ದೊಡ್ಡ ಪರದೆಯ ಮೇಲೆ ಹಾಕುತ್ತಾರೆ ಎಂದಾಗ ಅವಳ ಮುಖ ನೋಡಬೇಕಿತ್ತು. ಆಷಾಢದಲ್ಲಿ ಮದುವೆಗಳಿಲ್ಲ, ನನಗೆ ಕೆಲಸವಿಲ್ಲ. ಬೋರಲಿಂಗಣ್ಣನನ್ನು ಕಾಡಿ ಬೇಡಿ ನನ್ನನ್ನು ಹೊತ್ತೊಯ್ದಳು. ಕಥೆ ಅವಳೇ ಬರೆದದ್ದು: ಬೇಡವೆನ್ನಲಾಗದೆ ಹಸೆಮಣೆ ಏರುವ ಹುಡುಗಿಯದು. ನಿಜ ಹೇಳುತ್ತೇನೆ, ಒಳ್ಳೆಯ ಕಥೆ. ಅವಳ ಕೈಯಲ್ಲಿ ನಾನು ಮೊದಲ ಸಲ ಕ್ಯಾಮೆರಾ ಆದೆ.

ಎಡವಿದ್ದು ಅಳುವಿನಲ್ಲಿ. ನಟಿಸುತ್ತಿದ್ದವಳು ಚಿಕ್ಕಮ್ಮನ ಮಗಳು ಬಿಂದು. ಈರುಳ್ಳಿ ಹೆಚ್ಚಿ ಹಿಡಿದರು, ವಿಕ್ಸ್ ಹಚ್ಚಿದರು. ಮೂಗು ಸುರಿಯಿತೇ ಹೊರತು ಅಳು ಬರಲಿಲ್ಲ.

"ಅಳೇ, ಯಾರಾದ್ರೂ ಸತ್ತೋದ್ರು ಅನ್ಕೊಂಡು ಅಳು."

"ಯಾರ್ ಸತ್ರು ಅಂತ ಹೇಳಕ್ಕ ಮೊದ್ಲು" ಎಂದು ಬಿಂದು ಕಿಸಕ್ಕನೆ ನಕ್ಕಳು.

ಬೇರೆ ಏನೋ ಹುಡುಕುತ್ತಾ ಮೋನಿಷಾ 'ವೇಸ್ಟ್' ತೆರೆದಳು. ಕೋಮಲಳ ಬೆನ್ನು ಬಂತು, ಜಡೆ ಬಂತು, ದನಿ ಬಂತು. ಮೋನಿಷಾಳ ಕಣ್ಣಲ್ಲಿ ನೀರು ತುಂಬಿತು. ಅವಳು ಕಲ್ಲಲ್ಲ. ಆ ನೀರನ್ನು ಒರೆಸಿಕೊಂಡು ಅವಳು ಮಾಡಿದ್ದೇನು? ಆ ತುಣುಕನ್ನು ಕತ್ತರಿಸಿ ತನ್ನ ಚಿತ್ರಕ್ಕೆ ಅಂಟಿಸಿದಳು. ಮುಖ ಕಾಣುವುದಿಲ್ಲವಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡಳು. ಇದು ಯಾರ ಮದುವೆ ಎಂದು ಕೇಳಬಹುದಿತ್ತು, ಬೋರಲಿಂಗಣ್ಣ ಪಕ್ಕದ ಕುರ್ಚಿಯಲ್ಲೇ ಕೂತಿದ್ದ. ಕೇಳಲಿಲ್ಲ. ಕೇಳಿದರೆ ಬಿಡಬೇಕಾಗುತ್ತದೆಂದು ಅವಳಿಗೆ ಗೊತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಉರಿಯಲಿ? ಕದ್ದ ಮಾಲು ಒದಗಿಸಿದ್ದೇ ನಾನು.

ಚಿತ್ರ ಗೆದ್ದಿತು. ಆ ಸಂಜೆ ಛತ್ರ ತುಂಬಿತ್ತು. ಕಾರ್ಯಕ್ರಮ ಹಿಡಿಯಲು ನಾನೂ ಮೂರು ಕಾಲಿನ ಮೇಲೆ ನಿಂತಿದ್ದೆ. ಪರದೆಯ ಮೇಲೆ ಆ ಅಳು ಬಂದಾಗ ಗಲಾಟೆ ಮಾಡುತ್ತಿದ್ದ ಹುಡುಗರೂ ತೆಪ್ಪಗಾದರು. ಮುಗಿದ ಮೇಲೆ ಶಿಳ್ಳೆಯೋ ಶಿಳ್ಳೆ. ಒಬ್ಬ ಹೆಣ್ಣುಮಗಳು ನಿಜವಾಗಿ ಕಾಲಿಗೆ ಬೀಳುತ್ತೇನೆಂದಾಗ ಕಿವಿಗೊಡಲು ಒಂದು ನರಪಿಳ್ಳೆ ಇರಲಿಲ್ಲ. ಅದೇ ಮಾತಿಗೆ ಈಗ ಇಡೀ ಛತ್ರ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಥೂ.

ಬಿಂದುವಿಗೆ ಅತ್ಯುತ್ತಮ ನಟಿ ಎಂದು ಶಾಲು ಹೊದಿಸಿದರು. ಹೊದಿಸಬೇಕಾಗಿದ್ದವನು ಸಂಘದ ಕಾರ್ಯದರ್ಶಿ ನಂಜುಂಡ. ಅವನು ಕುರ್ಚಿ ಬಿಟ್ಟು ಏಳಲಿಲ್ಲ. ಬೇರೆ ಯಾರೋ ಹೊದಿಸಿದರು. ಹೆಂಗಸರ ಸಾಲಿನಲ್ಲಿ ಅವನ ಹೆಂಡತಿ ತಲೆ ತಗ್ಗಿಸಿ ಕೂತಿದ್ದಳು. ಅವಳೇ ಕೋಮಲ.

ಮಾರನೆಯ ದಿನ ಬೋರಲಿಂಗಣ್ಣ ಇಲ್ಲದ ಹೊತ್ತಿನಲ್ಲಿ ಕೋಮಲ ಸ್ಟುಡಿಯೋಗೆ ಬಂದಳು. ಚಪ್ಪಲಿಯನ್ನೂ ಬಿಡಲಿಲ್ಲ.

"ಅದು ನಾನು" ಎಂದಳು.

ಮೋನಿಷಾ ಎದ್ದು ನಿಂತಳು. "ಅಕ್ಕ, ನಂಗೆ ಗೊತ್ತಿರ್ಲಿಲ್ಲ."

"ಗೊತ್ ಮಾಡ್ಕೊಂಡ್ಯಾ?"

ಮೋನಿಷಾ ಕುರ್ಚಿ ಎಳೆದು ಕೊಟ್ಟಳು. ಕೋಮಲ ಅದನ್ನು ಪಕ್ಕಕ್ಕೆ ತಳ್ಳಿದಳು.

"ಅವತ್ತು ನಮ್ಮಕ್ಕ ಕೇಳುಸ್ಕೊಳ್ಲಿಲ್ಲ. ನೀನ್ ಕೇಳುಸ್ಕೊಂಡೆ. ಕೇಳುಸ್ಕೊಂಡು ಸೀನ್ ಮಾಡ್ದೆ."

"ಸ್ಟೇಜ್ ಮೇಲೆ ನಿಂತು ಒಪ್ಕೋತೀನಿ ಅಕ್ಕ. ಕದ್ದಿದ್ದು ಅಂತ ಎಲ್ರಿಗೂ ಹೇಳ್ತೀನಿ. ಪ್ರೈಜ್ ವಾಪಸ್ ಕೊಡ್ತೀನಿ."

"ಹೇಳು! ಯಾರ್ದು ಅಂತ ಕೇಳ್ತಾರೆ. ಅದ್ನೂ ಹೇಳ್ಬುಡು. ನಿನ್ ಮನ್ಸು ಹಗುರ ಆಯ್ತದೆ. ನಾನ್ ಎಲ್ಲೋಗ್ಲಿ? ನಮ್ಮನೆಯವ್ರು ಒಂದ್ ದಿನಾನೂ ನನ್ ಮೇಲೆ ಕೈ ಎತ್ತಿಲ್ಲ. ಹೆಂಗೋ ಹೊಂದ್ಕೊಂಡಿವ್ನಿ. ಬೆಳಿಗ್ಗೆ ಮುದ್ದೆ ಮುಟ್ಲಿಲ್ಲ, ಏನೂ ಕೇಳ್ಲಿಲ್ಲ. ನಿನ್ ತಾವ್ ಬತ್ತಾರೆ. ಬಂದ್ರೆ ಅತ್ತಿದ್ದು ಬಿಂದು ಅನ್ನು. ಇವತ್ತಲ್ಲ, ಸಾಯೋವರ್ಗೂ ಬಿಂದು ಅನ್ನು. ಈಗ ಅದ್ನ ಅಳ್ಸು, ನನ್ ಎದುರ್ಗೆ."

ಮೋನಿಷಾ ಅಳಿಸಿದಳು. ಆದರೆ ಊರಿನ ಅರ್ಧ ಫೋನುಗಳಲ್ಲಿ ಅದು ಆಗಲೇ ಹರಿದಾಡುತ್ತಿತ್ತು. ಅದು ಇಬ್ಬರಿಗೂ ಗೊತ್ತಿತ್ತು.

ಮಧ್ಯಾಹ್ನ ನಂಜುಂಡ ಬಂದ. ಕೂರಲಿಲ್ಲ.

"ಆ ಅಳು ಯಾರ್ದಮ್ಮ?"

ಮೋನಿಷಾ ಟೇಬಲ್ಲಿನ ಅಂಚು ಗಟ್ಟಿಯಾಗಿ ಹಿಡಿದಳು. "ಬಿಂದುದು ಅಣ್ಣ."

"ದನಿನೂ?"

"ದನಿನೂ ಅವ್ಳದೇ."

ಅವನು ಬಾಗಿಲ ಕಡೆ ತಿರುಗಿದ, ಮತ್ತೆ ನಿಂತ. "ಹಿಂದ್ಗಡೆ ಗೋಡೇಲಿ ಒಂದು ಸೀರೆ ನೇತಾಕಿತ್ತಲ್ಲ, ಹಸಿರುದು. ಧಾರೆಗೆ ಅಂತ ನಮ್ಮವ್ವ ಆರಿಸಿ ತಂದಿದ್ದು."

ಅವನು ಬೈಯುತ್ತಾನೆ, ಹೊಡೆಯುತ್ತಾನೆ, ನನ್ನನ್ನು ಎತ್ತಿ ನೆಲಕ್ಕೆ ಬಡಿಯುತ್ತಾನೆ ಎಂದು ಕಾದೆ. ಬಡಿದಿದ್ದರೆ ಚೆನ್ನಾಗಿತ್ತು.

"ಆಯ್ತು ಕಣಮ್ಮ" ಎಂದ. "ಬಿಂದು ಅಂತ್ಲೇ ಇರ್ಲಿ. ನಮ್ಮನೆಯವ್ಳು ಇಲ್ಲಿಗ್ ಬಂದ್ರೆ, ನಾನ್ ಬಂದಿದ್ದೆ ಅಂತ ಹೇಳ್ಬ್ಯಾಡ."

ಈಗ ನಾನು ಹಳಬನಾಗಿದ್ದೇನೆ. ಹೊಸ ಕ್ಯಾಮೆರಾ ಬಂದಿದೆ. ನಾನು ಮೇಲಿನ ಶೆಲ್ಫಿನಲ್ಲಿ, ಖಾಲಿ ಆಲ್ಬಮ್ಮುಗಳ ಪಕ್ಕ. ನನಗೆ ರೆಪ್ಪೆ ಇರಲಿಲ್ಲ, ಕಣ್ಣು ಮುಚ್ಚಲಾಗಲಿಲ್ಲ ಎಂದು ನೆಪ ಹೇಳಬಹುದು. ಆರಿಸಿದ ಮೇಲೆ ಹತ್ತಲು ಅಷ್ಟು ಸತಾಯಿಸುತ್ತಿದ್ದ ನಾನು, ಆ ಒಂದು ಬೆಳಿಗ್ಗೆ ನಾನಾಗಿಯೇ ಆರಿಹೋಗಬಾರದಿತ್ತೇ?

ಮೋನಿಷಾ ಆಮೇಲೆ ಚಿತ್ರ ಮಾಡಿಲ್ಲ. ಗಂಡುಗಳ ಎಂಟ್ರಿ ಮಾಡುತ್ತಾಳೆ, ಅಷ್ಟೇ. ಆದರೆ ಜನ ಬಿಡುವುದಿಲ್ಲ. ಮೊನ್ನೆ ಮೊಮ್ಮಗಳ ಮದುವೆಯ ವಿಡಿಯೋಗೆ ಹೇಳಿಹೋಗಲು ಬಂದ ಒಬ್ಬ ಅಜ್ಜಿ ಅವಳ ಗಲ್ಲ ನೇವರಿಸಿತು.

"ಎಂಥ ಅಳು ಅಳ್ಸಿದ್ಯವ್ವ ಆ ಹುಡ್ಗಿ ಕೈಲಿ! ನಿಜವಾಗ್ಲೂ ಅತ್ತಂಗೇ ಅದೆ. ಹೆಂಗ್ ಮಾಡ್ಸುದ್ಯವ್ವ?"

ಮೋನಿಷಾ ಅಜ್ಜಿಯ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು.

"ಈರುಳ್ಳಿ ಅಜ್ಜಿ" ಎಂದಳು. ಅಜ್ಜಿ ನಕ್ಕಿತು. ಅವಳೂ ನಗಬೇಕಾಯಿತು.