ಓರೆಗೆರೆಯ ಫೋಲ್ಡರುಗಳು

ಬೆಳಿಗ್ಗೆ ಕಚೇರಿಯ ಮೇಲ್ ತೆರೆದಾಗ ಪರದೆಯ ಎಡಗಡೆಯ ಪಟ್ಟಿಯಲ್ಲಿ ಯಾರೋ ಗುರುತಿಲ್ಲದವರು ಬಂದು ಕೂತಂತಿತ್ತು. ನೆಲ್ವಿತಾ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಔಷಧಿ, ಸಂಬಳ, ಲಸಿಕೆ ಎಂಬ ಹಳೆಯ ಫೋಲ್ಡರುಗಳು ತಮ್ಮ ಜಾಗದಲ್ಲೇ ಇದ್ದವು. ಅವುಗಳ ಕೆಳಗೆ ಮಾತ್ರ ಅಂಕಿಯೂ ಅಕ್ಷರವೂ ಕಲಸಿಹೋದ ಹೆಸರುಗಳು ಸಾಲುಗಟ್ಟಿದ್ದವು. ಒಂದರ ಹೆಸರು ಏಳು ಸಿ ಮೂರು ಇ ಎಂದು ಶುರುವಾಗುತ್ತಿತ್ತು, ಇನ್ನೊಂದರದು ಎಫ್ ನಾಲ್ಕು ಸೊನ್ನೆ ಬಿ ಎಂದು. ಯಾವ ಮನುಷ್ಯರೂ ಇಡುವ ಹೆಸರುಗಳಲ್ಲ ಅವು.

ಮಾಡಿದ ತಪ್ಪು ನೆನಪಾಯಿತು. ನಿನ್ನೆ, ಉಪವಾಸದ ತಿಂಗಳ ಊಟವಿಲ್ಲದ ಮಧ್ಯಾಹ್ನದ ಬಿಡುವಿನಲ್ಲಿ, ಅಕ್ಕನ ಮದುವೆಯ ಆಮಂತ್ರಣದ ವಿಳಾಸಗಳನ್ನು ಮುದ್ರಿಸಿಕೊಳ್ಳಲು ಅವಳು ತನ್ನ ಪೆನ್‌ಡ್ರೈವನ್ನು ಈ ಕಂಪ್ಯೂಟರಿಗೆ ಸಿಕ್ಕಿಸಿದ್ದಳು. ಹೊರಗಿನ ಪೆನ್‌ಡ್ರೈವ್ ಕೂಡದು ಎಂಬ ಚೀಟಿ ಅವಳ ತಲೆಯ ಮೇಲೆಯೇ ಗೋಡೆಗೆ ಅಂಟಿಕೊಂಡಿತ್ತು. ಅದನ್ನು ಬರೆದವಳೂ ಅವಳೇ, ದುಂಡಾದ ಅಕ್ಷರಗಳಲ್ಲಿ. ಹೋದ ವರ್ಷ ಇದೇ ಆರೋಗ್ಯ ಕೇಂದ್ರದ ಔಷಧಿ ಲೆಕ್ಕವನ್ನೆಲ್ಲ ಒಂದು ವೈರಸ್ ತಿಂದುಹಾಕಿದ ಮೇಲೆ ಬಂದ ಕಟ್ಟಳೆ ಅದು. ಆಗ ಕೆಲಸ ಕಳೆದುಕೊಂಡ ಹುಡುಗಿಯ ಕುರ್ಚಿಯಲ್ಲೇ ಈಗ ನೆಲ್ವಿತಾ ಕೂತಿರುವುದು.

ಯಾರೂ ಇನ್ನೂ ಬಂದಿರಲಿಲ್ಲ. ಉಪವಾಸ ಮುಗಿಸುವ ಹಬ್ಬಕ್ಕೆ ಮುಂಚಿನ ಕೊನೆಯ ಕೆಲಸದ ದಿನ. ಪಾಯಾಕುಂಬುಹ್ ಪೇಟೆಗೆ ಪೇಟೆಯೇ ಮನೆಯಲ್ಲಿ ತೆಂಗಿನಹಾಲು ಕಾಯಿಸುತ್ತಿತ್ತು. ಅವಳು ಆ ವಿಚಿತ್ರ ಹೆಸರುಗಳನ್ನು ಮೇಲಿಂದ ಕೆಳಗಿನತನಕ ಒಟ್ಟಿಗೆ ಹಿಡಿದು ಅಳಿಸಿಬಿಟ್ಟಳು. ಒಳಗೆ ಏನಿದೆ ಎಂದು ತೆರೆದು ನೋಡಲಿಲ್ಲ. ತೆರೆದರೆ ವೈರಸ್ ಹರಡುತ್ತದೆ ಎಂದು ಎಲ್ಲೋ ಕೇಳಿದ್ದಳು. ಪಟ್ಟಿ ಸ್ವಚ್ಛವಾಯಿತು. ಅದರಲ್ಲಿ ಇರಬೇಕಾದದ್ದು ಏನಾದರೂ ಕಾಣೆಯಾಗಿದೆಯೇ ಎಂದು ನೋಡುವಷ್ಟು ವ್ಯವಧಾನ ಅವಳಿಗಿರಲಿಲ್ಲ.

ಒಂಬತ್ತರ ಹೊತ್ತಿಗೆ ಡಾಕ್ಟರ್ ಸಫ್ರಿದಾ ಬಂದರು, ಹಿಂದೆಯೇ ಎತೆಕ್ ಯುಸ್ನಿದಾರ್. ಪೇಟೆಯಲ್ಲಿ ಮರಗೆಣಸಿನ ಖಾರದ ಹಪ್ಪಳ ಮಾರುವ ಯುಸ್ನಿದಾರ್ ಈ ಬೀದಿಯ ಎಲ್ಲರಿಗೂ ಎತೆಕ್, ಅಂದರೆ ಚಿಕ್ಕಮ್ಮ. ಅವರ ಎದೆಯ ಗಡ್ಡೆಯಿಂದ ತೆಗೆದ ಚೂರನ್ನು ಪದಾಂಗಿನ ಪ್ರಯೋಗಾಲಯಕ್ಕೆ ಕಳಿಸಿ ಮೂರು ವಾರವಾಗಿತ್ತು.

"ನೆಲ್, ಎತೆಕ್‌ದು ಫಲಿತಾಂಶ ಮುದ್ರಿಸಿ ಕೊಡು. ಹೋದ ವಾರವೇ ಬಂದಿದೆ, ನಾನೇ ಮೇಲ್‌ನಲ್ಲಿ ನೋಡಿದೀನಿ, ಆದ್ರೆ ಚಿತ್ರ ತೆರೆದು ಓದೋಷ್ಟರಲ್ಲಿ ಹೆರಿಗೆ ಕೇಸ್ ಬಂತು," ಎಂದರು ಡಾಕ್ಟರ್. "ಇನ್ನೂರ ಹದಿನೇಳನೇ ನಂಬರು."

"ಸರಿ, ಡಾಕ್ಟ್ರೆ."

"ಬೇಗ. ದೊಡ್ಡಾಸ್ಪತ್ರೆ ಸರ್ಜನ್ ಮಧ್ಯಾಹ್ನ ಮಸೀದೀಲಿ ಬಾಂಗ್ ಆಗೋ ತನಕ ಮಾತ್ರ ಇರ್ತಾರಂತೆ. ಆಮೇಲೆ ಊರಿಗೆ ಹೊರಟ್ರೆ ಎರಡು ವಾರ ಇಲ್ಲ. ಅಷ್ಟರಲ್ಲಿ ಎತೆಕ್ ಹೆಸರು ಅವರ ಪಟ್ಟಿಗೆ ಸೇರ್ಬೇಕು. ಕಾಗದ ನೋಡದೆ ಅವರು ಸೇರಿಸಲ್ಲ."

"ಎರಡು ವಾರ ತಾನೆ, ಹಬ್ಬ ಮುಗಿಸ್ಕೊಂಡೇ ಹೋದ್ರಾಯ್ತು ಬಿಡಿ," ಎಂದರು ಯುಸ್ನಿದಾರ್ ಬಾಗಿಲ ಬಳಿಯ ಬೆಂಚಿನ ಮೇಲೆ ಕೂರುತ್ತ. "ಒಲೆ ಮೇಲೆ ಹಬ್ಬದ ಮಾಂಸದ ರೆಂದಾಂಗ್ ಇಟ್ಟು ಬಂದಿದೀನಿ. ಸೊಸೆ ಕೈಯಾಡಿಸೋದು ಬಿಟ್ಟು ಫೋನ್ ಹಿಡ್ಕೊಂಡ್ರೆ ತಳ ಹತ್ತುತ್ತೆ."

"ಗಡ್ಡೆ ಹಬ್ಬಕ್ಕೆ ರಜೆ ತಗೊಳ್ಳಲ್ಲ, ಎತೆಕ್," ಎಂದು ಡಾಕ್ಟರ್ ಒಳಗೆ ಹೋದರು.

ನೆಲ್ವಿತಾ ಪಟ್ಟಿಯನ್ನು ಕೆಳಗೆ ಸರಿಸಿದಳು, ಮತ್ತೆ ಮೇಲಕ್ಕೆ ಸರಿಸಿದಳು. ಬಂದ ಕಾಗದಕ್ಕೆಲ್ಲ ಅದರ ನಂಬರಿನ ಹೆಸರಿನಲ್ಲೇ ಒಂದು ಫೋಲ್ಡರ್ ಮಾಡುವುದು ಇಲ್ಲಿಯ ಪದ್ಧತಿ. ನಿವೃತ್ತರಾದ ಗುಮಾಸ್ತೆ ಬು ರೋಸ್ಮಾ, ಅಂದರೆ ರೋಸ್ಮಾ ಮೇಡಂ, ಹಾಕಿಕೊಟ್ಟ ಪಾಠ. ದೇಶದ ಯಾವ ಕಚೇರಿಗೆ ಹೋದರೂ ಕಾಗದದ ನಂಬರು ಒಂದೇ ಥರ: ಮೊದಲು ಅಂಕಿ, ಸ್ಲ್ಯಾಶ್ ಎಂಬ ಓರೆಗೆರೆ, ಕಚೇರಿಯ ಗುರುತು, ಈ ಕೇಂದ್ರದ್ದಾದರೆ ಪಿಕೆಎಂ, ಓರೆಗೆರೆ, ರೋಮನ್ ಲಿಪಿಯಲ್ಲಿ ತಿಂಗಳು, ಓರೆಗೆರೆ, ವರ್ಷ. ಇನ್ನೂರ ಹದಿನೇಳನ್ನು ನೆಲ್ವಿತಾ ತಾನೇ ಹಾಗೆ ಬರೆದು ಇಟ್ಟಿದ್ದಳು. ಈಗ ಅದಿರಲಿಲ್ಲ. ಇನ್ನೂರ ಹದಿನಾರು, ಇನ್ನೂರ ಹದಿನೈದು ಕೂಡ ಇರಲಿಲ್ಲ. ನಂಬರಿನ ಹೆಸರಿದ್ದ ಒಂದೇ ಒಂದು ಫೋಲ್ಡರೂ ಉಳಿದಿರಲಿಲ್ಲ.

ವೈರಸ್ ತಿಂದೇಬಿಟ್ಟಿದೆ, ನಾನು ಅಳಿಸುವ ಮುಂಚೆಯೇ, ಎಂದುಕೊಂಡಳು. ನನ್ನ ಪೆನ್‌ಡ್ರೈವಿನಿಂದ ಬಂದ ವೈರಸ್.

ಪದಾಂಗಿನ ಪ್ರಯೋಗಾಲಯಕ್ಕೆ ಫೋನ್ ಹಚ್ಚಿದಳು. ರಿಂಗಾಗುತ್ತಲೇ ಹೋಯಿತು. ಅವರು ನಿನ್ನೆಯೇ ಬೀಗ ಹಾಕಿದ್ದಾರೆ. ಇಲ್ಲಿಯ ಕಂಪ್ಯೂಟರು ಮೇಲ್ ಇಳಿಸಿಕೊಂಡ ಕೂಡಲೇ ಅದನ್ನು ಅಂತರ್ಜಾಲದಿಂದ ಅಳಿಸುವ ಹಾಗೆ ಬು ರೋಸ್ಮಾ ಮಾಡಿಟ್ಟಿದ್ದರು, ಆದ್ದರಿಂದ ಬೇರೆಲ್ಲೂ ಪ್ರತಿ ಇಲ್ಲ.

"ಸಿಕ್ತಾ ಮಗಳೇ?" ಬೆಂಚಿನಿಂದ ಯುಸ್ನಿದಾರ್ ಕೇಳಿದರು.

"ಹುಡುಕ್ತಾ ಇದೀನಿ, ಎತೆಕ್." ದನಿ ಬೆಂಚಿಗೆ ಕೇಳದಷ್ಟು ಮೆಲ್ಲಗಿತ್ತು. ಯುಸ್ನಿದಾರ್ ಕಿವಿಗೆ ಕೈ ಇಟ್ಟು, "ಹಾಂ?" ಎಂದರು. ನೆಲ್ವಿತಾ ತಲೆಯಾಡಿಸಿದಳು, ಹೌದೆಂದೋ ಇಲ್ಲವೆಂದೋ ಅವಳಿಗೇ ಗೊತ್ತಿರಲಿಲ್ಲ.

ಆಗ ಔಷಧಿ ಉಗ್ರಾಣದ ಉದಾ ರಿದ್ವಾಲ್, ಅಂದರೆ ರಿದ್ವಾಲಣ್ಣ, ಶಿಳ್ಳೆ ಹಾಕುತ್ತ ಒಳಗೆ ಬಂದ. ಕೇಂದ್ರದಲ್ಲಿ ಫ್ಯಾನು ಕೆಟ್ಟರೂ ಕಂಪ್ಯೂಟರು ಕೆಟ್ಟರೂ ಅವನೇ ತಜ್ಞ.

"ಏನ್ ನೆಲ್, ಮುಖ ಯಾಕೆ ಬಿಳಿಚ್ಕೊಂಡಿದೆ? ಕದ್ದುಮುಚ್ಚಿ ಉಪವಾಸ ಮುರಿದ್ಯಾ?"

"ಇಲ್ಲ ಉದಾ. ಮೇಲ್ ಫೋಲ್ಡರ್‌ಗಳು... ನಂಬರ್ ಇದ್ದವು... ಕಾಣ್ತಿಲ್ಲ."

"ಕಾಣದೆ ಎಲ್ಲಿಗೆ ಹೋಗ್ತವೆ? ನಿನ್ನೆ ಸಂಜೆ ನಾನೇ ಕೂತು ಇದನ್ನ ಸ್ವಚ್ಛ ಮಾಡಿದೀನಿ. ಡಬ್ಬಾ ಆಮೆ ಥರ ಓಡ್ತಿತ್ತಲ್ಲ? ಮೇಲ್ ಒಳಗೆ ಪ್ರತಿ ಫೋಲ್ಡರಿನ ಜೊತೆಗೂ ಒಂದೊಂದು ಪುಟ್ಟ ಫೈಲು ಇರುತ್ತೆ, ಸೂಚಿ ಅಂತಾರೆ ಅದನ್ನ. ಹಳೇದಾದ್ರೆ ಕಿತ್ತು ಬಿಸಾಕ್ಬೇಕು, ಅದೇ ಹೊಸದು ಹುಟ್ಟುತ್ತೆ. ಎಲ್ಲಾ ಬಿಸಾಕ್ದೆ. ನೋಡು ಈಗ, ಕುದುರೆ!"

"ಕುದುರೆ ಓಡಿಹೋಗಿದೆ, ಉದಾ," ಎಂದುಬಿಟ್ಟಳು. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು.

ರಿದ್ವಾಲ್ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ಹುಡುಕಾಟದ ಜಾಗದಲ್ಲಿ ಯುಸ್ನಿದಾರ್ ಎಂದು ಬರೆದ. ಏನೂ ಸಿಗಲಿಲ್ಲ. ಸಿಗುವ ಹಾಗೂ ಇರಲಿಲ್ಲ. ಪ್ರಯೋಗಾಲಯದವರು ಎಲ್ಲ ಮೇಲ್‌ಗೂ ಪರೀಕ್ಷಾ ಫಲಿತಾಂಶ ಎಂಬ ಒಂದೇ ತಲೆಬರಹ ಹಾಕುತ್ತಾರೆ, ರೋಗಿಯ ಹೆಸರು ಒಳಗಿನ ಸ್ಕ್ಯಾನ್ ಚಿತ್ರದಲ್ಲಿರುತ್ತದೆ. ಗೋಡೆಯ ಗಡಿಯಾರ ಹನ್ನೊಂದನ್ನು ಸಮೀಪಿಸುತ್ತಿತ್ತು. ಡಾಕ್ಟರ್ ಬಾಗಿಲಲ್ಲಿ ತಲೆ ಹಾಕಿ, "ಇನ್ನೂ ಆಗ್ಲಿಲ್ವೇನ್ರೋ?" ಎಂದರು.

"ಬರುತ್ತೆ ಡಾಕ್ಟ್ರೆ, ಕಂಪ್ಯೂಟ್ರೂ ಉಪವಾಸದಲ್ಲಿದೆ," ಎಂದ ರಿದ್ವಾಲ್.

ಡಾಕ್ಟರ್ ನಗಲಿಲ್ಲ. "ಸರ್ಜನ್ ಬ್ಯಾಗ್ ಕಟ್ತಿದಾರಂತೆ. ಎತೆಕ್ ಕೂತಿರೋದು ನಿಮಗೆ ಕಾಣ್ತಿದೆ ತಾನೆ?"

ಕಾಣುತ್ತಿತ್ತು. ಯುಸ್ನಿದಾರ್ ಓಡ್ನಿಯ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು. ರೆಂದಾಂಗಿನ ಮಾತು ನಿಂತುಹೋಗಿತ್ತು. ನೆಲ್ವಿತಾಗೆ ಅತ್ತ ನೋಡುವ ಧೈರ್ಯವಾಗಲಿಲ್ಲ.

"ಒಂದ್ ಕೆಲಸ ಮಾಡೋಣ," ರಿದ್ವಾಲ್ ದನಿ ತಗ್ಗಿಸಿದ. "ಫಲಿತಾಂಶ ಬಂದಿತ್ತು, ಕಂಪ್ಯೂಟರ್ ತೊಂದರೆಯಿಂದ ಸಿಗ್ತಿಲ್ಲ ಅಂತ ಒಂದು ಕಾಗದ ಬರೀತೀನಿ. ಡಾಕ್ಟ್ರು ಸಹಿ ಹಾಕ್ಲಿ. ಸರ್ಜನ್ ಮನಸ್ಸು ಮಾಡಿದ್ರೆ ಉಂಟು, ಇಲ್ದಿದ್ರೆ ಇಲ್ಲ."

ಅವನು ನಾಲ್ಕು ಸಾಲು ಕುಟ್ಟಿದ. ಕಾಗದವನ್ನು ಉಳಿಸಲು ಅದಕ್ಕೆ ವರ್ಷವೊಂದು ಬಿಟ್ಟು ಫಲಿತಾಂಶದ ನಂಬರನ್ನೇ ಹೆಸರಾಗಿ ಕೊಟ್ಟ: ೨೧೭/ಪಿಕೆಎಂ/III. ಟಣ್ ಎಂದು ಒಂದು ಚೌಕ ಮೂಡಿತು. ಫೈಲಿನ ಹೆಸರಿನಲ್ಲಿ ಈ ಗುರುತುಗಳು ಇರಕೂಡದು.

"ಇದಕ್ಕೇನ್ ಬಂತು ರೋಗ?"

"ಓರೆಗೆರೆ ಹಾಕ್ಬಾರ್ದು ಉದಾ, ಅಡ್ಡಗೆರೆ ಹಾಕ್ಬೇಕು," ಎಂದಳು ನೆಲ್ವಿತಾ ಯಾಂತ್ರಿಕವಾಗಿ. ಕಚೇರಿ ಕೆಲಸಕ್ಕೆ ಸೇರಿದ ಯಾರಾದರೂ ಮೊದಲ ವಾರದಲ್ಲೇ ಕಲಿಯುವ ವಿಷಯ ಇದು. ಓರೆಗೆರೆ ಕಂಡರೆ ಈ ಯಂತ್ರಕ್ಕಾಗದು. ಕಾಗದದ ಮೇಲೆ ಓರೆ, ಫೈಲಿನ ಹೆಸರಲ್ಲಿ ಅಡ್ಡ.

ಹೇಳಿದವಳು ಹಾಗೇ ತಡೆದಳು. ಮೇಲ್‌ನ ಫೋಲ್ಡರಿಗೆ ಮಾತ್ರ ಅವಳು ಓರೆಗೆರೆಯನ್ನೇ ಹಾಕುತ್ತಿದ್ದಳಲ್ಲ? ಬು ರೋಸ್ಮಾ ಕೂಡ. ಅದು ಒಂದು ದಿನವೂ ಬೇಡವೆಂದಿರಲಿಲ್ಲ. ಆದರೆ ಫೋಲ್ಡರ್ ಎಂದು ಕಾಣುವುದೂ ಒಳಗೆಲ್ಲೋ ಒಂದು ಫೈಲೇ ತಾನೆ? ಯಂತ್ರ ಒಪ್ಪದ ಹೆಸರನ್ನು ಅದು ಒಳಗೆ ಹೇಗೆ ಇಟ್ಟುಕೊಂಡಿದ್ದೀತು?

ಔಷಧಿ, ಸಂಬಳ, ಲಸಿಕೆ. ಓರೆಗೆರೆ ಇಲ್ಲದವು ಎಲ್ಲ ಉಳಿದಿವೆ. ಓರೆಗೆರೆ ಇದ್ದವು ಒಂದೂ ಇಲ್ಲ. ಅವುಗಳ ಬದಲಿಗೆ ಬೆಳಿಗ್ಗೆ ಬಂದು ಕೂತಿದ್ದವರು...

"ಉದಾ, ಆ ಪುಟ್ಟ ಸೂಚಿ ಫೈಲಿನಲ್ಲಿ ಏನಿರುತ್ತೆ?"

"ಯಾವ ಮೇಲ್ ಎಲ್ಲಿದೆ ಅಂತ. ಮತ್ತೆ ಫೋಲ್ಡರಿನ ಹೆಸರು ಏನು ಅಂತ. ಯಾಕೆ?"

ನೆಲ್ವಿತಾಗೆ ಎಲ್ಲ ಹೊಳೆಯಿತು. ಓರೆಗೆರೆಯ ಹೆಸರನ್ನು ಹಾಗೇ ಬರೆದಿಡಲಾಗದೆ ಮೇಲ್ ಅದಕ್ಕೊಂದು ಗುಪ್ತ ಹೆಸರು ಕೊಟ್ಟಿತ್ತು. ನಿಜವಾದ ಹೆಸರನ್ನು ಸೂಚಿಯಲ್ಲಿ ಗುರುತು ಹಾಕಿಕೊಂಡಿತ್ತು. ರಿದ್ವಾಲ್ ಸೂಚಿಗಳನ್ನು ಕಿತ್ತುಹಾಕಿದ, ನಿಜವಾದ ಹೆಸರು ಹೋಯಿತು, ಗುಪ್ತ ಹೆಸರು ಮೇಲೆದ್ದಿತು. ವೈರಸ್ ಎಲ್ಲೂ ಇರಲಿಲ್ಲ. ಅವಳು ಅಳಿಸಿದ್ದು ಫಲಿತಾಂಶಗಳನ್ನು.

"ಹೇಳದಿದ್ರೆ ಬಿಡು," ಎಂದ ರಿದ್ವಾಲ್. "ಕೊನೇದಾಗಿ ಎಲ್ಲಾ ಮುಚ್ಚಿ, ಡಬ್ಬಾನ ಒಂದ್ಸಲ ಆರಿಸಿ ಹೊತ್ತಿಸ್ತೀನಿ. ನೂರಕ್ಕೆ ತೊಂಬತ್ತು ರೋಗ ಅದರಲ್ಲೇ ವಾಸಿ."

ಬಾಣದ ಗುರುತು ಮೇಲ್‌ನ ಮೂಲೆಯ ಕೆಂಪು ಗುರುತಿನ ಕಡೆ ಜಾರಿತು. ಅಳಿಸಿದ್ದೆಲ್ಲ ಕಸದಬುಟ್ಟಿಗೆ ಬೀಳುತ್ತದೆ. ಬು ರೋಸ್ಮಾ ಮಹಾ ಚೊಕ್ಕಟದವರು. ಮೇಲ್ ಮುಚ್ಚಿದ ಕೂಡಲೇ ಬುಟ್ಟಿ ತಾನೇ ಖಾಲಿಯಾಗಬೇಕು ಎಂದು ಏರ್ಪಾಟು ಮಾಡಿ ಹೋಗಿದ್ದರು.

"ಮುಟ್ಬೇಡಿ!"

ಅವಳ ಅಂಗೈ ರಿದ್ವಾಲನ ಕೈಯ ಮೇಲೆ, ಮೌಸಿನ ಮೇಲೆ ಫಟ್ಟೆಂದು ಬಿದ್ದಿತ್ತು. ಅಷ್ಟು ಗಟ್ಟಿಯಾದ ದನಿ ತನ್ನದೇ ಎಂದು ಅವಳಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಡಾಕ್ಟರ್ ಓಡಿಬಂದರು. ಯುಸ್ನಿದಾರ್ ಎದ್ದು ನಿಂತರು.

"ಏನಾಯ್ತು?"

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಸುಮ್ಮನೆ ಹುಡುಕಿ ತೆಗೆದು, ಸಿಕ್ಕಿತು ಎಂದುಬಿಡಬಹುದಿತ್ತು. ಆದರೆ ಕಸದಬುಟ್ಟಿ ತೆರೆದರೆ ಪರದೆಯ ಮೇಲೆ ಎಲ್ಲರಿಗೂ ಕಾಣುತ್ತಿತ್ತು.

"ಬೆಳಿಗ್ಗೆ ನಾನೇ ಅಳಿಸ್ದೆ, ಡಾಕ್ಟ್ರೆ. ವಿಚಿತ್ರ ಹೆಸರಿತ್ತು. ನನ್ನ ಪೆನ್‌ಡ್ರೈವಿಂದ ವೈರಸ್ ಬಂತು ಅಂದ್ಕೊಂಡೆ. ಬುಟ್ಟೀಲಿದೆ. ಇದನ್ನ ಮುಚ್ಚಿದ್ರೆ ಹೋಗುತ್ತೆ."

ಡಾಕ್ಟರ್ ಗೋಡೆಯ ಚೀಟಿ ನೋಡಿದರು, ಅವಳ ಮುಖ ನೋಡಿದರು. ಮೂಗಿನಿಂದ ಉಸಿರು ಬಿಟ್ಟರು. "ಬೈಯೋದು ಹಬ್ಬ ಆದ್ಮೇಲೆ. ತೆಗಿ."

ಬುಟ್ಟಿಯಲ್ಲಿ ಅವೆಲ್ಲ ಇದ್ದವು. ಹೊರಗಿಂದ ಎಲ್ಲ ಒಂದೇ ಥರ. ಒಂದೊಂದನ್ನೂ ತೆರೆದು, ಒಳಗಿನ ಚಿತ್ರ ಮೂಡುವತನಕ ಕಾಯಬೇಕು. ಮೊದಲನೆಯದು ಯಾರದೋ ಕಫದ ಪರೀಕ್ಷೆ. ಆಮೇಲಿನದು ಒಂದು ಮಗುವಿನ ರಕ್ತ. ಚಿತ್ರ ಮೇಲಿನಿಂದ ಕೆಳಕ್ಕೆ ತೆವಳಿಕೊಂಡು ಬರುತ್ತಿತ್ತು. ರಿದ್ವಾಲ್ ಈಗ ಶಿಳ್ಳೆ ಹಾಕುತ್ತಿರಲಿಲ್ಲ. "ನಾನ್ ಸೂಚಿ ಕಿತ್ತಿದ್ದಕ್ಕೆ..." ಎಂದು ಶುರುಮಾಡಿದ. "ಸುಮ್ನಿರೋ," ಎಂದರು ಡಾಕ್ಟರ್. ಹೊರಗೆ ಮಸೀದಿಯ ಮೈಕನ್ನು ಯಾರೋ ಬೆರಳಿನಿಂದ ತಟ್ಟಿ ನೋಡಿದ ಸದ್ದು ಕೇಳಿತು. ಇನ್ನೊಂದು ತೆರೆದಳು, ಮತ್ತೊಂದು. ಏಳು ಸಿ ಮೂರು ಇ ಎಂಬುದರಲ್ಲಿ ಚಿತ್ರದ ತಲೆಭಾಗ ಮೂಡಿತು: ಹೆಸರು, ಯುಸ್ನಿದಾರ್.

ಅದರ ಕೆಳಗಿನ ಸಾಲುಗಳು ಮೂಡುವ ಮೊದಲೇ ನೆಲ್ವಿತಾ ಪರದೆಗೆ ಅಂಗೈ ಅಡ್ಡ ಹಿಡಿದು ಮುದ್ರಣಕ್ಕೆ ಒತ್ತಿದಳು. ಕಾಗದ ಹೊರಬಂದಾಗ ಬರಹದ ಮುಖ ಒಳಗಾಗುವಂತೆ ಮಡಚಿದಳು. ಡಾಕ್ಟರ್ ಕೈ ಚಾಚಿದವರು, ಗಡಿಯಾರ ನೋಡಿ ಹಿಂದೆಗೆದುಕೊಂಡರು. "ನಾನು ಓದ್ತಾ ಕೂತ್ರೆ ಆಗಲ್ಲ. ನಿನ್ನ ಸ್ಕೂಟರ್ ಇದೆಯಲ್ಲ? ಕರ್ಕೊಂಡು ಹೋಗು. ನಾನು ಫೋನ್ ಮಾಡಿ ಹಿಡಿದಿಟ್ಕೊಂಡಿರ್ತೀನಿ."

ಪೇಟೆಯ ಬೀದಿ ಹಬ್ಬದ ಗಿರಾಕಿಗಳಿಂದ ಗಿಜಿಗುಟ್ಟುತ್ತಿತ್ತು. ಹಿಂದೆ ಕೂತ ಯುಸ್ನಿದಾರ್ ಅವಳ ಸೊಂಟ ಬಿಗಿಯಾಗಿ ಹಿಡಿದಿದ್ದರು.

"ನೆಲ್, ಓದಿದ್ಯಾ?" ಕಿವಿಯ ಹತ್ತಿರ ಕೇಳಿದರು.

"ಇಲ್ಲ, ಎತೆಕ್."

"ನಿಜ ಹೇಳು."

"ಹೆಸರು ಮಾತ್ರ ನೋಡ್ದೆ. ದೇವರಾಣೆ."

"ಒಳ್ಳೇದಾಯ್ತು. ಅದರಲ್ಲೇನಿದೆ ಅಂತ ಗೊತ್ತಿರೋರ ಬೆನ್ನು ನೋಡ್ಕೊಂಡು ಅಲ್ಲೀವರೆಗೂ ಹೋಗೋದು ಕಷ್ಟ."

ದೊಡ್ಡಾಸ್ಪತ್ರೆಯ ಮುಂದೆ ಸರ್ಜನ್ ಕಾರಿನ ಬಾಗಿಲು ತೆರೆದಿಟ್ಟುಕೊಂಡು, ಒಂದು ಕಾಲು ಒಳಗಿಟ್ಟು ಫೋನಿನಲ್ಲಿ ಡಾಕ್ಟರ್ ಸಫ್ರಿದಾ ಹತ್ತಿರ ಬೈಸಿಕೊಳ್ಳುತ್ತಿದ್ದರು. ಕಾಗದ ಬಿಡಿಸಿ ಓದಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ, ಆದರೆ ಎರಡನೇ ಸಲ ಓದಿದರು. ಅದರಿಂದ ನೆಲ್ವಿತಾಗೆ ತಿಳಿಯಿತು. ಯುಸ್ನಿದಾರ್‌ಗೂ ತಿಳಿದಿರಬೇಕು, ಅವರ ಕೈ ಅವಳ ಮಣಿಕಟ್ಟನ್ನು ಹುಡುಕಿ ಹಿಡಿಯಿತು.

"ತೆಗೀಬೇಕಮ್ಮ. ಆದ್ರೆ ಇನ್ನೂ ಚಿಕ್ಕದಿದೆ. ಬೇರೆಲ್ಲೂ ಹೋಗೋಕೆ ಬಿಡಬಾರ್ದು." ಅವರು ಮೊಣಕಾಲಿನ ಮೇಲೆ ಡೈರಿ ಇಟ್ಟುಕೊಂಡರು. "ರಜೆ ಮುಗಿದ ಮೊದಲ ದಿನ, ಮೊದಲ ಹೆಸರು ನಿಮ್ದು. ಕಾಗದದ ನಂಬರೇನು? ಇಲ್ಲಿ ಮಡಿಕೆಯಲ್ಲಿ ಅಳಿಸಿಹೋಗಿದೆ."

"ಇನ್ನೂರ ಹದಿನೇಳು ಓರೆಗೆರೆ ಪಿಕೆಎಂ ಓರೆಗೆರೆ ರೋಮನ್ ಮೂರು, ಈ ವರ್ಷದ್ದು," ಎಂದಳು ನೆಲ್ವಿತಾ. ಮತ್ತೊಮ್ಮೆ ಹೇಳು ಎಂದು ಯಾರೂ ಕೇಳಲಿಲ್ಲ.

"ಅವತ್ತು ಬೆಳಿಗ್ಗೆ ಏನೂ ತಿನ್ನದೆ, ಕುಡೀದೆ ಬರ್ಬೇಕು, ಗೊತ್ತಾಯ್ತಾ?"

"ಒಂದು ತಿಂಗಳಿಂದ ಅದನ್ನೇ ತಾನೆ ಮಾಡ್ತಿರೋದು, ಡಾಕ್ಟ್ರೆ," ಎಂದರು ಯುಸ್ನಿದಾರ್. ಹೇಳಿ ನಕ್ಕರು.

ಬಾಂಗ್ ಕೂಗಿತು. ಕಾರು ಹೊರಟಿತು. ಯುಸ್ನಿದಾರ್ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಸೊಸೆಗೆ ಫೋನ್ ಹಚ್ಚಿದರು, ಮೊದಲು ರೆಂದಾಂಗಿನ ತಳ ಕೇಳಿದರು. ನೆಲ್ವಿತಾ ನಾಲ್ಕು ಹೆಜ್ಜೆ ಆಚೆ ಹೋಗಿ ಕಚೇರಿಗೆ ಫೋನ್ ಮಾಡಿದಳು. ಆ ಕಫದವರು, ಆ ಮಗುವಿನವರು, ಉಳಿದವರೆಲ್ಲ ಇನ್ನೂ ಬುಟ್ಟಿಯಲ್ಲೇ ಇದ್ದರು.

"ಉದಾ, ಮೇಲ್ ಮುಚ್ಚಿಲ್ಲ ತಾನೆ?"

"ಮುಚ್ಚೋದಾ? ಮೌಸ್ ತೆಗ್ದು ಡ್ರಾಯರಲ್ಲಿ ಬೀಗ ಹಾಕಿದೀನಿ ಮಾರಾಯ್ತಿ. ನೀನ್ ಬರೋವರೆಗೂ ಅದರ ಮುಂದೇನೇ ಕೂತಿರ್ತೀನಿ, ಬೇಗ ಬಾ."